ಮರಿಯ ಕೂಗಿಗೆ ಬಂದವಳು

ಮಾರ್ಚ್ ೩, ಬೆಳಗ್ಗೆ ೬
ಲೆನ್ಸ್ ಒರೆಸಿದೆ, ಬ್ಯಾಟರಿ ಬದಲಿಸಿದೆ, ಮರೆಯಲ್ಲಿ ಕೂತೆ. ಹದಿನೇಳನೇ ದಿನ. ಕರಿಚಿರತೆಯ ಸುಳಿವಿಲ್ಲ. ಜೊತೆಗಿರುವ ಕಾವಲುಗಾರ ಈ ಕಾಡನ್ನು ಅರೆದು ಕುಡಿದವನು. "ಮರಿ ಸತ್ತು ವಾರ ಆಯ್ತು ಸಾರ್. ಇನ್ನು ಯಾರ ಕಣ್ಣಿಗೂ ಬೀಳಲ್ಲ ಅವಳು. ಬಿಟ್ಬಿಡಿ, ಪಾಪ" ಎಂದ. ಹೂಂ ಎಂದೆ. ಇನ್ನು ಮೂರೇ ದಿನ ರಜೆ. ಬರಿಗೈಯಲ್ಲಿ ಹೋದರೆ ಸಂಪಾದಕರು ಬೈಯುವುದಿಲ್ಲ, ನಗುತ್ತಾರೆ.

ಮಾರ್ಚ್ ೫, ಮಧ್ಯಾಹ್ನ
ಸಿಕ್ಕಿತು!
ಕಾವಲುಗಾರ ನೀರು ತರಲು ಹೋಗಿದ್ದ. ಫೋನಿನಲ್ಲಿ ಯಾವುದೋ ಮೃಗಾಲಯದ ಮರಿಯ ಕೂಗಿತ್ತು. ಪುಟ್ಟ ಸ್ಪೀಕರನ್ನು ಪೊದೆಯೊಳಗಿಟ್ಟೆ. ಎರಡೇ ನಿಮಿಷ... ಓಡಿ ಬಂದಳು. ಬಂಡೆ ಹತ್ತಿ ನೇರ ನನ್ನತ್ತ ನೋಡಿದಳು. ಹನ್ನೊಂದು ಫ್ರೇಮ್. ಅವನು ಬರುವಷ್ಟರಲ್ಲಿ ಸ್ಪೀಕರ್ ಬ್ಯಾಗು ಸೇರಿತ್ತು.
ಫೋಟೋ ನೋಡಿ ಕಣ್ಣೊರೆಸಿಕೊಂಡ. "ನಿಮ್ಮ ತಾಳ್ಮೆಗೆ ಒಲಿದಳು ಸಾರ್."
ನಾಚಿಕೆ ಆಗಬೇಕಿತ್ತು. ಖುಷಿಯೇ ಆಯಿತು. ಸುಳ್ಳೇಕೆ ಬರೆಯಲಿ.

ಮಾರ್ಚ್ ೧೨
ಮುಖಪುಟದಲ್ಲಿ ಬಂತು. ಶೀರ್ಷಿಕೆ — 'ಕಾಡಿನ ಕೋಪ'. ಅಕ್ಕ ಫೋನ್ ಮಾಡಿದಳು. "ಲೋ, ಅದು ಕೋಪ ಅಲ್ವೋ. ಏನೋ ಕಳ್ಕೊಂಡು ಹುಡುಕೋ ಹಾಗಿದೆ."
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನನ್ನದು. ರೇಗಿಬಿಟ್ಟೆ. "ನಿಂಗೇನು ಗೊತ್ತು ಫೋಟೋ ವಿಷಯ!" ಅವಳು ಫೋನ್ ಇಟ್ಟಳು.

ಮಾರ್ಚ್ ೧೯, ಸಂಜೆ
ಕಾವಲುಗಾರನ ಫೋನ್. "ಸಾರ್, ಅವಳು ಆ ಪೊದೆ ಬಿಟ್ಟು ಕದಲ್ತಿಲ್ಲ. ಮಣ್ಣು ಕೆದರ್ತಾಳೆ, ಕೂಗ್ತಾಳೆ. ಬೇಟೆಗೂ ಹೋಗ್ತಿಲ್ಲ, ಪಕ್ಕೆಲುಬು ಎಣಿಸಬಹುದು. ಕಾಯಿಲೆ ಇರಬೇಕು ಅಂತಾರೆ ಡಾಕ್ಟ್ರು. ಭಾನುವಾರ ಬೋನಿಟ್ಟು ಹಿಡೀತಾರಂತೆ. ಒಳಗೆ ಹೋದ್ರೆ ಮತ್ತೆ ಕಾಡು ಕಾಣಲ್ಲ ಅವಳು."
ನಿಜ ನಾಲಿಗೆ ತುದಿಗೆ ಬಂತು. "ವಯಸ್ಸಾಗಿರಬೇಕು" ಎಂದೆ.
ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ ೨೩, ಭಾನುವಾರ, ಮಧ್ಯಾಹ್ನ ೩
ಮೊದಲ ಬಸ್ಸಿಗೇ ಕಾಡಿಗೆ ಬಂದೆ. ಬೋನು ಆಗಲೇ ಲಾರಿಯಿಂದ ಇಳಿದಿತ್ತು. ಡಾಕ್ಟರು ಕೇಳಿದರು, "ಫೋಟೋ ತೆಗೆಯುವಾಗ ಏನಾದ್ರೂ ಮಾಡಿದ್ರಾ ಇಲ್ಲಿ?"
ನಾನು ಬಾಯಿ ತೆರೆಯುವ ಮೊದಲೇ ಕಾವಲುಗಾರ, "ಛೆ ಛೆ, ಇವರು ಅಂಥವರಲ್ಲ ಡಾಕ್ಟ್ರೇ. ಇವರ ಪರವಾಗಿ ನಾನು ಹೇಳ್ತೀನಿ" ಎಂದ.
ಹೇಳಿಬಿಟ್ಟೆ. ಸ್ಪೀಕರ್, ಮರಿಯ ಕೂಗು, ಎಲ್ಲವನ್ನೂ. ಅವನ ಮುಖ ನೋಡಲಾಗದೆ ಬೋನಿನ ಚಿಲಕಕ್ಕೇ ಹೇಳಿದೆ.
ಡಾಕ್ಟರು ಬಹಳ ಹೊತ್ತು ಬೈದರು. ಬೋನನ್ನು ಮತ್ತೆ ಲಾರಿಗೇರಿಸಿದರು. "ಇದು ಕಾಯಿಲೆ ಅಲ್ಲ. ಒಂದು ವಾರ ನೋಡೋಣ. ಅಷ್ಟರಲ್ಲಿ ಮರೆತು ಬೇಟೆಗೆ ಹೋದ್ರೆ ಬದುಕ್ತಾಳೆ."
ಕಾವಲುಗಾರ ಬೈಯಲಿಲ್ಲ. "ಮರಿ ಸತ್ತಿದೆ ಅಂತ ನಿಮಗೆ ಹೇಳಿದ್ದು ನಾನೇ ಅಲ್ವಾ" ಎಂದ, ಅಷ್ಟೇ. ಸಾರ್ ಎನ್ನಲಿಲ್ಲ.

ಅದೇ ದಿನ, ಸಂಜೆ ೫.೪೦
ಮರೆಯಲ್ಲಿ ಇಬ್ಬರೇ. ಕ್ಯಾಮೆರಾ ತಂದಿಲ್ಲ. ಬಂದಿದ್ದಾಳೆ. ಎಷ್ಟು ಸೊರಗಿದ್ದಾಳೆ, ದೇವರೇ. ಪೊದೆಯೊಳಗೆ ಮೂತಿ ತೂರಿಸಿ ಕೂಗಿದಳು. ಸುಮ್ಮನಾಗಿ ಕಿವಿಗೊಟ್ಟಳು. ಮತ್ತೆ ಕೂಗಿದಳು.
ಕಾವಲುಗಾರ ನನ್ನತ್ತ ತಿರುಗಿದ. "ಕೇಳಿಸ್ತಾ? ಕರೀತಿದ್ದಾಳೆ. ಹೇಳಿ ಈಗ, ಏನಂತ ಹೇಳ್ತೀರಿ ಅವಳಿಗೆ?"
ನಾನು ಫೋನ್ ತೆಗೆದು, ಆ ಮರಿಯ ಕೂಗನ್ನು ಅವನ ಕಣ್ಣೆದುರೇ ಅಳಿಸಿದೆ.