ನೀರಿನ ಡಬ್ಬಿಯ ಕೀಲಿಕೈ

ವೀಬ್ಕೆ,

ಒಲೆಯ ಮೇಲೆ ಬಟಾಣಿ ಸಾರು ಇದೆ, ಬಿಸಿ ಮಾಡಿಕೊಂಡು ತಿನ್ನು. ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕಾಫಿ ಲೋಟವನ್ನು ಇವತ್ತಾದರೂ ತೊಳೆದಿಡು.

ನಿನ್ನೆ ಊಟಕ್ಕೆ ಕೂತಾಗ ನೀನು ನ್ಯೂಜಿಲೆಂಡಿಗೆ ಹೋಗುವ ಮಾತೆತ್ತಿದೆ. "ಹೋಗು ತಾಯಿ, ನಿಮ್ಮಪ್ಪನ ಸಮಾಧಿಯ ಹೂಗಿಡಕ್ಕೆ ನೀರು ಯಾರು ಹಾಕ್ತಾರೆ, ಅಲ್ಲಿನ ಕುರಿಗಳಾ?" ಎಂದುಬಿಟ್ಟೆ. ನೀನು ಚಮಚ ಕೆಳಗಿಟ್ಟೆ.

ನಿನ್ನಪ್ಪ ಹೆನ್ನಿಂಗ್ ನಿನ್ನ ವಯಸ್ಸಿನಲ್ಲಿ ಕೆನಡಾಕ್ಕೆ ಹೊರಟಾಗಲೂ ಇದೇ ಮಾತು ಆಡಿದ್ದೆ. ಆಗ ನಿನ್ನಜ್ಜನ ಸಮಾಧಿಯ ನೆಪ. ಅವನೂ ಹೀಗೆಯೇ ಚಮಚ ಇಟ್ಟು, "ಆಯ್ತಮ್ಮ, ಇರ್ತೀನಿ ಬಿಡು" ಎಂದ. ಈಗ ಅಜ್ಜನ ಪಕ್ಕದಲ್ಲೇ ಇದ್ದಾನೆ. ನಿನ್ನೆಯಿಂದ ಆ ಚಮಚದ ಸದ್ದು ನನ್ನ ಕಿವಿ ಬಿಟ್ಟಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಎದುರಿನ ಕುರ್ಚಿಯಲ್ಲಿ ಅವನೇ ಕೂತಿರುತ್ತಾನೆ.

ಸ್ಮಶಾನದ ಕಚೇರಿಗೆ ಹೋಗುತ್ತಿದ್ದೇನೆ. ಎರಡೂ ಸಮಾಧಿಗಳ ಹೊಣೆಯನ್ನು ಅಲ್ಲಿನ ತೋಟಗಾರನಿಗೆ ಒಪ್ಪಿಸಿ, ಸಮಾಧಿ ನೋಡಿಕೊಳ್ಳುವವರ ಕಾಗದದಿಂದ ನಿನ್ನ ಹೆಸರು ತೆಗೆಸಿ ಬರುತ್ತೇನೆ. ನಾನೂ ಅಲ್ಲಿಗೆ ಸೇರಿದ ಮೇಲೆ ಅವನೇ ನೋಡಿಕೊಳ್ಳಲಿ. ದೇವರು ಕಡಲಿನಾಚೆಗೂ ಇದ್ದಾನೆ ಎಂದು ಪ್ರತಿ ಭಾನುವಾರ ಹಾಡಿದವಳು ನಾನು, ನಂಬಿರಲಿಲ್ಲ.

ನಿನ್ನ ಜನನ ಪ್ರಮಾಣಪತ್ರ ಬೀರುವಿನ ಮೇಲಿನ ಖಾನೆಯಲ್ಲಿದೆ. ಮಡಿಸಿದ ಕಡೆ ಹರಿದೀತು, ಜೋಪಾನ.

ಸ್ಮಶಾನದ ನಲ್ಲಿಯ ಬಳಿ ಬೀಗ ಹಾಕಿಟ್ಟಿರುವ, ಹೂಗಿಡಕ್ಕೆ ಹೊಯ್ಯುವ ನಮ್ಮ ನೀರಿನ ಡಬ್ಬಿಯ ಕೀಲಿಕೈಯನ್ನು ನಿನ್ನ ಗೊಂಚಲಿನಿಂದ ಬಿಚ್ಚಿಕೊಂಡಿದ್ದೇನೆ. ಗೊಂಚಲು ಹಗುರಾಗಿದೆ ಎಂದು ಹುಡುಕಬೇಡ.

ಅಜ್ಜಿ