ಕಡಲಿಗೆ ಒಯ್ದ ನಿನ್ನ ರೊಟ್ಟಿ

ಅಕ್ಕಾ,

ನಿನಗೆ ಓದಲು ಬರುವುದಿಲ್ಲ, ಗೊತ್ತಿದೆ. ಬರೆದು ಮುಗಿಸಿ ಬಾಯಿಬಿಟ್ಟು ಓದುತ್ತೇನೆ, ಮೊದಲಿನ ಹಾಗೆ. ಇದು ಅದೇ ನೋಟ್‌ಬುಕ್. ನೀನು ಹೇಳಿ ನಾನು ಬರೆದ ಮೊದಲ ನಾಲ್ಕು ಹಾಳೆ ಹಾಗೆಯೇ ಇವೆ. ತಾಡಪತ್ರಿ, ಎರಡು ಗಾದಿ, ಸಣ್ಣ ಒಲೆ, ನೀರಿನ ಕೊಡ, ಶೇಂಗಾ ಹಿಂಡಿ, ರೊಟ್ಟಿ. ರೊಟ್ಟಿಯ ಕೆಳಗೆ ಎರಡು ಗೆರೆ ಎಳೆಯಲು ಹೇಳಿದ್ದೆ ನೀನು. ಉಳಿದ ಹಾಳೆಗಳು ಖಾಲಿ ಇದ್ದವು. ಖಾಲಿ ಬಿಡಲು ಮನಸ್ಸಾಗಲಿಲ್ಲ.

ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ಹೊಲದಿಂದ ಬಂದ ಸಂಜೆ ನೆನಪಿದೆಯಾ? ನಿನ್ನ ಮಗಳು ಭಾಗ್ಯ ಮೊಬೈಲ್‌ನಲ್ಲಿ ಒಂದು ಗಾಡಿ ತೋರಿಸಿದಳು. ಒಳಗೇ ಹಾಸಿಗೆ, ಒಳಗೇ ಒಲೆ, ಬಾಗಿಲು ತೆಗೆದರೆ ಸಮುದ್ರ. ಗಂಡ ಹೆಂಡತಿ ಮಕ್ಕಳು ಅದರಲ್ಲೇ ಉಂಡು ಅದರಲ್ಲೇ ಮಲಗುತ್ತಿದ್ದರು. ನೀನು ಅದನ್ನು ಮೂರು ಸಲ ನೋಡಿದೆ. ಆಮೇಲೆ ಅಂಗಳದಲ್ಲಿ ನಿಂತ ಭಾವನ ಟೆಂಪೋ ಕಡೆ ತಿರುಗಿದೆ.

"ಇದ್ರಾಗೇನ್ ಮಹಾ ಅದ? ಇಷ್ಟೆಲ್ಲಾ ನಮ್ಮ ಟೆಂಪೋದಾಗೂ ಹಿಡೀತದ. ಏ ಯಡ್ರಾಮಿ, ನೋಟ್‌ಬುಕ್ ತಗೊಂಡು ಬಾ."

ನನ್ನ ಹೆಸರು ಹಿಡಿದು ನೀನು ಯಾವತ್ತೂ ಕರೆಯಲಿಲ್ಲ. ತವರೂರಿನ ಹೆಸರೇ ನನ್ನ ಹೆಸರಾಗಿತ್ತು. ನೀನು ದೊಡ್ಡ ಸೊಸೆ, ಸರಸಂಬಾದವಳು. ನಾನು ಸಣ್ಣವಳು. ಹದಿನಾರು ವರ್ಷ ಅಫಜಲಪುರದ ಈ ಮನೆಯಲ್ಲಿ ಒಂದೇ ಒಲೆಯ ಮುಂದೆ ಕುಳಿತೆವು. ನೀನು ಬಡಿಯುತ್ತಿದ್ದೆ, ನಾನು ಬೇಯಿಸುತ್ತಿದ್ದೆ. ಈಗ ಎರಡೂ ನಾನೇ. ಒಂದು ಬಡಿಯುವಷ್ಟರಲ್ಲಿ ಹಂಚಿನ ಮೇಲಿನದು ಸೀದು ಹೋಗುತ್ತದೆ. ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತೇನೋ...

ಕಡಲಿಗೆ ಹೊರಡಲೆಂದು ಎರಡು ದಿನ ರೊಟ್ಟಿ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಒಂದು ಬುಟ್ಟಿ ತುಂಬ ಎಳ್ಳು ಹಚ್ಚಿದ ಖಡಕ್ ರೊಟ್ಟಿ. ನನಗೆ ಬೆನ್ನು ನೋಯುತ್ತಿತ್ತು. "ಇಷ್ಟ್ಯಾಕ ಬೇಕಕ್ಕಾ? ಅಲ್ಲಿ ಮಂದಿ ಉಣ್ಣಂಗಿಲ್ಲೇನು?" ಎಂದು ರೇಗಿದೆ. "ಅವರು ಅನ್ನ ಉಣ್ತಾರ. ನಿನ್ನ ಗಂಡ ಎರಡನೇ ದಿನಕ್ಕ ರೊಟ್ಟಿ ರೊಟ್ಟಿ ಅಂತ ಅಳ್ತಾನ, ಆಗ ಸಮುದ್ರದ ಉಸುಕು ಬಡದು ಹಾಕ್ತಿಯೇನು?" ಎಂದೆ ನೀನು. ಕಟ್ಟೆಯ ಮೇಲಿಂದ ಅತ್ತೆ ಕೂಗಿದರು, "ಸರಸಂಬ್ಯಾಕಿ ರೊಟ್ಟಿ ಅಂದ್ರ ಫರಸಿಕಲ್ಲು. ಮಾಳಗಿಗಿ ಹೊಚ್ಚಿದ್ರ ಮಳಿ ಸೋರಂಗಿಲ್ಲ." ನೀನು ನಗುತ್ತ ಮತ್ತಷ್ಟು ಜೋರಾಗಿ ಬಡಿದೆ. ಹಲ್ಲಿಲ್ಲದ ಅತ್ತೆ ನಿನ್ನ ಖಡಕ್ ರೊಟ್ಟಿಯನ್ನು ಹಾಲಲ್ಲಿ ನೆನೆಸದೆ ಒಂದು ದಿನವೂ ತಿಂದವರಲ್ಲ. ಅದೊಂದು ಸಿಟ್ಟು ಅವರಿಗೆ ಇದ್ದೇ ಇತ್ತು.

ಮನೆಯಲ್ಲಿಟ್ಟರೆ ಮಕ್ಕಳು ತಿಂದು ಮುಗಿಸುತ್ತಾರೆಂದು ಬುಟ್ಟಿಯನ್ನು ಹಳೆಯ ಧೋತರದಲ್ಲಿ ಸುತ್ತಿ, ಹೊರಡುವ ಮೂರು ದಿನ ಮುಂಚೆಯೇ ಟೆಂಪೋದಲ್ಲಿ ಕಟ್ಟಿಸಿದ್ದೆ ನೀನು. ಮರುದಿನ ಬೆಳಿಗ್ಗೆ ನೀನು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತೆ. "ಜರಾ ನೀರ್ ಕೊಡಬೇ" ಎಂದೆ. ನಾನು ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ...

ಅವತ್ತು ನಾನೊಂದು ಸುಳ್ಳು ಹೇಳಿದೆ. ಓಣಿಯ ಹೆಂಗಸರು ಮನೆಯ ಕೊಡಗಳನ್ನೆಲ್ಲ ಬರಿದು ಮಾಡಿದರು, ಬೇಯಿಸಿಟ್ಟದ್ದನ್ನು ಹೊರಗೆ ಹಾಕಿದರು. ಸಾವಾದ ಮನೆಯಲ್ಲಿ ಮೊದಲಿನ ಅಡುಗೆ ಉಳಿಯಬಾರದಲ್ಲ. "ರೊಟ್ಟಿ ಗಿಟ್ಟಿ ಮಾಡಿಟ್ಟೀರೇನವಾ?" ಎಂದು ಒಬ್ಬರು ಕೇಳಿದರು. "ಇಲ್ರಿ, ಇನ್ನಾ ಬಡದಿಲ್ರಿ" ಎಂದೆ. ನಿನ್ನನ್ನು ಇನ್ನೂ ಅಂಗಳಕ್ಕೆ ತಂದಿರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಸುಳ್ಳು ಹೇಗೆ ಬಂತು?

ಆಮೇಲೆ ಒಂದೂವರೆ ತಿಂಗಳು ಟೆಂಪೋ ಬೇವಿನ ಮರದ ಕೆಳಗೆ ನಿಂತೇ ಇತ್ತು. ಭಾವ ಅದರ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಟೆಂಪೋಗೆ ಹೊದಿಸಿದ ತಾಡಪತ್ರಿ ಸರಿಸಿ ಬುಟ್ಟಿ ಬಿಚ್ಚುತ್ತಿದ್ದೆ. ಇರುವೆ ಹತ್ತಿದೆಯೇ ನೋಡಿ, ಸ್ವಲ್ಪ ಹೊತ್ತು ಬಿಸಿಲು ತೋರಿಸಿ, ಮತ್ತೆ ಕಟ್ಟುತ್ತಿದ್ದೆ. ಕುಡುಗೋಲು ತಾಗಿ ಸೊಟ್ಟಗಾದ ನಿನ್ನ ಕಿರುಬೆರಳು ಪ್ರತಿ ರೊಟ್ಟಿಯ ಅಂಚಿನಲ್ಲೂ ಒಂದು ತಗ್ಗು ಬಿಟ್ಟಿತ್ತು. ಆ ತಗ್ಗಿನಲ್ಲಿ ನನ್ನ ಬೆರಳಿಟ್ಟು ನೋಡುತ್ತಿದ್ದೆ. ತಿನ್ನಲಾರೆ, ಎಸೆಯಲಾರೆ. ಎಷ್ಟು ದಿನ ಹೀಗೆ?

ಒಂದು ಬೆಳಿಗ್ಗೆ ಭಾವ ತೊಗರಿ ಚೀಲ ಹೇರಬೇಕೆಂದು ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದರು. ಹದಿನಾರು ವರ್ಷದಲ್ಲಿ ಅವರೆದುರು ದನಿ ಎತ್ತದವಳು ಓಡಿಹೋಗಿ ಅಡ್ಡ ನಿಂತೆ. "ಬಿಚ್ಚಬ್ಯಾಡ್ರಿ ಭಾವಾ. ಒಳಗ ಅಕ್ಕನ ರೊಟ್ಟಿ ಅದಾವರಿ."

ಭಾವ ಹಗ್ಗ ಹಿಡಿದೇ ನಿಂತರು. ಕಟ್ಟೆಯಿಂದ ಅತ್ತೆಯ ದನಿ ಬಂತು. "ನನಗ ಅವತ್ತೇ ಗೊತ್ತದ. ನನ್ನ ಹಲ್ಲು ಹೋಗ್ಯಾವ, ಮೂಗು ಹೋಗಿಲ್ಲ. ಎಳ್ಳಿನ ವಾಸನಿ ಬರ್ತದ."

"ಮೈಲಿಗಿ ಅಲ್ಲೇನವ್ವಾ ಅದು?" ಎಂದರು ಭಾವ.

"ಮನಿಯಾಗಿಂದು ಮೈಲಿಗಿ. ಅದು ಬುತ್ತಿ. ಗಾಡಿ ಹತ್ತಿ ಆಗ್ಲೇ ಹಾದಿ ಹಿಡದಿತ್ತು." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೆಡೋದ್ರಾಗ ಹೊಂಡ್ರಿ. ಆಕಿ ಎಲ್ಲಿ ಉಣ್ಣೂಣು ಅಂದಿದ್ಳೋ ಅಲ್ಲೇ ಉಣ್ಣೂಣು."

ಹೋದೆವು ಅಕ್ಕಾ. ವಿಜಯಪುರ, ಹುಬ್ಬಳ್ಳಿ ದಾಟಿ ಘಟ್ಟ ಇಳಿದು, ಅಂಕೋಲಾದ ಆಚೆ ಒಂದು ದಂಡೆಗೆ. ಟೆಂಪೋದ ಹಿಂಬದಿಯಲ್ಲಿ ನೀನು ಹೇಳಿದಂತೆಯೇ ಗಾದಿ ಹಾಸಿದ್ದೆ. ನನ್ನ ಪಕ್ಕದ ಜಾಗಕ್ಕೆ ಯಾರೂ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಅಲ್ಲಿ ಬುಟ್ಟಿ ಇತ್ತು. ತಿರುವು ಬಂದಾಗಲೆಲ್ಲ ನನ್ನ ಕಡೆ ಒರಗುತ್ತಿತ್ತು.

'ಹೊತ್ತು ಸಮುದ್ರದಾಗಿಂದ ಹುಟ್ಟೂದು ನೋಡಬೇಕು' ಎಂದು ಬರೆಸಿದ್ದೆಯಲ್ಲ? ಬೆಳಿಗ್ಗೆ ಎಲ್ಲರೂ ನೀರಿನ ಕಡೆ ಮುಖ ಮಾಡಿ ಕುಳಿತೆವು. ಬೆನ್ನು ಬೆಚ್ಚಗಾಯಿತು. ಹಿಂತಿರುಗಿದರೆ ಸೂರ್ಯ ಗುಡ್ಡದ ಕಡೆಯಿಂದ ಬಂದಿದ್ದ. ಭಾಗ್ಯ ನಕ್ಕಳು, ಆಮೇಲೆ ಅಳತೊಡಗಿದಳು.

ಆಗ ಬುಟ್ಟಿ ಬಿಚ್ಚಿದೆ. ಮೇಲಿನ ರೊಟ್ಟಿ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿತ್ತು. ಅದರ ಕೆಳಗಿನದೂ ಹಾಗೇ. ಒಂದೂವರೆ ತಿಂಗಳು ಸೆಟೆದು ನಿಂತ ನಿನ್ನ ರೊಟ್ಟಿ ಸಮುದ್ರದ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿತ್ತು. ನಮ್ಮ ಕಡೆಯ ಒಣ ಗಾಳಿ ಬಿಟ್ಟು ಬೇರೆ ಗಾಳಿಯೇ ಗೊತ್ತಿಲ್ಲದ ನಮಗೆ ಇದು ಹೊಳೆಯಲೇ ಇಲ್ಲ ನೋಡು. ಇಷ್ಟು ದಿನ ಕಾದು ಕಡೆಗೆ ಕೆಡಿಸಿಬಿಟ್ಟೆನಲ್ಲ ಅನಿಸಿತು.

ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡರು. ಶೇಂಗಾ ಹಿಂಡಿಯ ಖಾರದ ಪುಡಿ ಹಚ್ಚಿ, ಮಡಚಿ, ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ಹಾಲಿಲ್ಲ, ನೀರಿಲ್ಲ. ಇಡೀ ರೊಟ್ಟಿ ತಿಂದರು. ಇನ್ನೊಂದಕ್ಕೆ ಕೈ ಚಾಚಿದರು.

"ನೋಡ್ರಲೇ, ನನ್ನ ಬಾಯಿಗಿ ತಕ್ಕ ರೊಟ್ಟಿ ಮಾಡ್ಯಾಳ ಸರಸಂಬ್ಯಾಕಿ," ಎಂದರು. "ಆಕಿ ಇರೂತನಾ ಒಂದಿನಾ ಹಿಂಗ ಅನ್ಲಿಲ್ಲ ನಾ."

ಇದನ್ನೇ ನಿನಗೆ ತಿಳಿಸಬೇಕಿತ್ತು. ನೀನು ಎಷ್ಟು ನಗುತ್ತಿದ್ದೆ! ಎಲ್ಲರೂ ತಿಂದರು. ಭಾವ ನೀರಿನ ಕಡೆ ಮುಖ ಮಾಡಿ ಕುಳಿತು ತಿಂದರು. ನಾಲ್ಕನೆಯ ಊಟಕ್ಕೆ ಬುಟ್ಟಿ ಬರಿದಾಯಿತು. ಯಾರೂ ಅನ್ನ ಕೇಳಲಿಲ್ಲ.

ಒಂದನ್ನು ಮಾತ್ರ ನಾನು ಕದ್ದೆ. ಮೆತ್ತಗಿದ್ದಾಗಲೇ ನಾಲ್ಕಾಗಿ ಮಡಚಿ, ಧೋತರದ ತುಂಡಿನಲ್ಲಿ ಸುತ್ತಿಟ್ಟುಕೊಂಡೆ. ಮನೆಗೆ ಬಂದು ಎರಡು ದಿನ ಬಿಸಿಲಿಗೆ ಇಟ್ಟೆ. ಅದು ಮೊದಲಿನಂತೆ ಖಡಕ್ ಆಯಿತು, ಮಡಿಕೆ ಮಾತ್ರ ಹಾಗೇ ಉಳಿಯಿತು. ನಿನ್ನ ಬೆರಳಿನ ತಗ್ಗು ಮಡಿಕೆಯ ಒಳಗೆ ಸೇರಿಕೊಂಡಿದೆ. ನೋಡಬೇಕೆಂದು ಬಿಚ್ಚಿದರೆ ಮುರಿಯುತ್ತದೆ.

ಬಿಚ್ಚುವುದಿಲ್ಲ ಅಕ್ಕಾ. ಒಳಗಿದೆ ಎಂದು ಗೊತ್ತಿದೆಯಲ್ಲ, ಸಾಕು.

ನಿನ್ನ
ಯಡ್ರಾಮಿ