ಗಾಲಿ ತೆಗೆಸಿದ್ದು

ಕೊಂಡಾಪುರ, ಹೈದರಾಬಾದ್
೧೪ ಏಪ್ರಿಲ್ ೨೦೨೪, ಭಾನುವಾರ

ಶಿವದೇವಿ ಅಕ್ಕನಿಗೆ ತಂಗಿ ಸ್ನೇಹಲತಾ ತಲೆ ತಗ್ಗಿಸಿ ಮಾಡುವ ಶರಣು.

ಬಸ್ಸು ಹತ್ತಿದರೆ ನೀನಿರುವ ಪಟಾನ್‌ಚೆರು ಒಂದು ತಾಸಿನ ದಾರಿ, ಇವಳಿಗೇನು ಬಂತು ಕಾಗದ ಬರೆಯುವ ರೋಗ ಎಂದು ನೀನು ನಗಬಹುದು. ನಗು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ. ಅದಕ್ಕೇ ಈ ಕಾಗದ.

ನೀನು ರೊಟ್ಟಿ ಊಟ ಮಾರುವ ಟ್ರೇಲರಿನ ವಿಷಯ. ಕಾರ್ತಿಕದಲ್ಲಿ ಮಗಳು ತನ್ವಿಯ ಬಾಣಂತನಕ್ಕೆಂದು ಸಿಂಧನೂರಿಗೆ ಹೊರಟಾಗ ನೀನು ಅದನ್ನು ನಾಚಾರಂನ ಅಮರೇಶಪ್ಪನವರ ಗೋದಾಮಿನ ಅಂಗಳದಲ್ಲಿ ಬಿಟ್ಟೆ. “ಸ್ನೇಹಾ, ನೀನ ಹೋಗಿ ಮುಂದ ನಿಂತು ಗಾಲಿ ಬಿಚ್ಚಸು. ಗಾಡಿನ ಕಟ್ಟಿಗಿ ದಿಮ್ಮಿ ಮ್ಯಾಲ ನಿಲ್ಲಸು. ಗಾಲಿಗೆ ಗೋಣಿಚೀಲ ಸುತ್ತಿ ನೆರಳಾಗ ಇಡಸು. ನಾಕು ತಿಂಗಳು ಭಾರ ಹೊತ್ತು ಬಿಸಲಾಗ ನಿಂತರ ಟೈರ್ ಸೀಳತಾವ” ಎಂದು ಎರಡೆರಡು ಸಲ ಹೇಳಿದೆ.

ನಾನು ಹೋಗಲಿಲ್ಲ ಅಕ್ಕಾ. ಆಫೀಸಿನ ಕುರ್ಚಿಯಲ್ಲಿ ಕುಳಿತೇ ಗೋದಾಮಿನ ಕಾವಲುಗಾರ ಮಲ್ಲಯ್ಯನಿಗೆ ಫೋನು ಮಾಡಿದೆ. ಹನ್ನೆರಡು ವರ್ಷ ಈ ಊರಲ್ಲಿದ್ದವಳು, ತೆಲುಗು ಅರೆದು ಕುಡಿದಿದ್ದೇನೆ ಎಂಬ ಧಿಮಾಕು ಬೇರೆ. ಗಾಲಿ ತೆಗೆದುಬಿಡು ಎನ್ನಲು “ಗಾಲಿ ತೀಸೆಯ್ ಮಲ್ಲಯ್ಯಾ” ಎಂದೆ, ಮೇಲೆ ಚೀಲ ಹೊದಿಸು ಎಂದೆ. ದಿಮ್ಮಿಯ ಮಾತು ಮರೆತೇಬಿಟ್ಟೆ. ನಮ್ಮ ಗಾಲಿ ಎಂದರೆ ಚಕ್ರ. ತೆಲುಗಿನವರ ಗಾಲಿ ನಮ್ಮ ಗಾಳಿ. ಆ ಪುಣ್ಯಾತ್ಮ ಹೇಳಿದಂತೆಯೇ ಮಾಡಿದ. ಎರಡೂ ಟೈರಿನ ಗಾಳಿ ತೆಗೆದು, ಮೇಲೆ ಗೋಣಿಚೀಲ ಹೊದಿಸಿದ. ಚಳಿಗಾಲವಿಡೀ ಗಾಡಿಯ ಭಾರ ಆ ಚಪ್ಪಟೆ ಟೈರುಗಳ ಮೇಲೆ ಬಿತ್ತು. ಒಂದು ದಿನವಾದರೂ ಹೋಗಿ ನೋಡಿದೆನೇ? ಇಲ್ಲ.

ಶಿವರಾತ್ರಿ ಮುಗಿಸಿ ನೀನು ಬಂದ ದಿನ ನೆನಪಿದೆಯಲ್ಲ. ಚೀಲ ಎತ್ತಿದರೆ ರಬ್ಬರು ಬೆರಳು ಹೋಗುವಷ್ಟು ಸೀಳಿತ್ತು. ನೀನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಮ್ಮನೇ ಹೇಳಿದ್ದು ಎಂದು ಮಲ್ಲಯ್ಯ ನನ್ನ ಕಡೆ ಕೈ ತೋರಿಸಿದ. ನಾನು ಎಂದೆ, “ಅಯ್ಯ, ನಾ ಗಾಲಿ ಬಿಚ್ಚು ಅಂದಿದ್ದೆ. ಈ ಕುಡುಕಗ ಮೈಮ್ಯಾಲ ಖಬರ ಇದ್ದರಲ್ಲ ಕೇಳಸೋದು!” ಅವನು ಬೀಡಿಯನ್ನೂ ಮುಟ್ಟುವವನಲ್ಲ. ಅಮರೇಶಪ್ಪನವರು ಅಂದು ಮಧ್ಯಾಹ್ನವೇ ಅವನನ್ನು ಕೆಲಸದಿಂದ ತೆಗೆದರು. ನನ್ನ ಮಾತು ನಂಬಿ ನೀನೂ ಅವನಿಗೆ ಬೈದೆ.

ನಿನ್ನೆ ಬೆಳಿಗ್ಗೆ ನನ್ನ ಸ್ಕೂಟಿಯ ಟೈರು ಕೂತಿತ್ತು. ಪಂಕ್ಚರ್ ಅಂಗಡಿಯವನು ಪೈಪು ಹಿಡಿದು “ಗಾಲಿ ಕೊಟ್ಟಾಲಾ ಮೇಡಂ?” ಎಂದ. ಆಗ ನನ್ನ ತಪ್ಪು ಹೊಳೆಯಿತು. ಅಲ್ಲಿಂದ ನೇರ ನಾಚಾರಂಗೆ ಹೋದೆ. ಗೋದಾಮಿನೆದುರು ಚಹಾ ಮಾರುವ ಅಂಬುಬಾಯಿ ಹೇಳಿದಳು, ಕುಡುಕನೆಂದು ಹೆಸರಾದ ಮೇಲೆ ಮಲ್ಲಯ್ಯನನ್ನು ಯಾರೂ ಕಾವಲಿಗೆ ಇಟ್ಟುಕೊಳ್ಳುತ್ತಿಲ್ಲವಂತೆ. ದಿನಾ ಕೂಲಿಗೆ ಕರೆಯುವವರನ್ನು ಕಾಯುತ್ತ ಅಡ್ಡಾದಲ್ಲಿ ನಿಲ್ಲುತ್ತಾನಂತೆ. ಹೋಗಿ ನೋಡಿದೆ. ಬಿಸಿಲಿಗೆ ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದ. ರಸ್ತೆ ದಾಟಿ ಮಾತಾಡಿಸುವ ಧೈರ್ಯ ಬರಲಿಲ್ಲ. ಥೂ ನನ್ನ ಜನ್ಮಕ್ಕೆ, ಮುಖಕ್ಕೆ ಸೆರಗು ಮರೆ ಮಾಡಿಕೊಂಡು ವಾಪಸು ಬಂದೆ.

ಬರುವ ಭಾನುವಾರ ಅಮರೇಶಪ್ಪನವರ ಮುಂದೆ, ಮಲ್ಲಯ್ಯನ ಮುಂದೆ ನಡೆದದ್ದನ್ನು ಹೇಳುತ್ತೇನೆ. ಅವನ ಕೆಲಸ ಅವನಿಗೆ ಸಿಗಬೇಕು. ನೀನು ಬಾ ಅಕ್ಕಾ. ನೀನು ಪಕ್ಕದಲ್ಲಿದ್ದರೆ ನಾನು ಮಾತು ತಿರುಗಿಸಲಾರೆ. ಕೆನ್ನೆಗೆ ಬಾರಿಸಬೇಕೆನಿಸಿದರೆ ಅಲ್ಲೇ ಬಾರಿಸು.

ನಿನಗೆ ಮುಖ ತೋರಿಸಲಾಗದ
ಸ್ನೇಹಾ

ತಾ.ಕ.: ನಿನ್ನೆ ಹೊಳೆಯಿತು ಎಂದು ಬರೆದೆನಲ್ಲ, ಅದೂ ಸುಳ್ಳು. ಅಂದು ಫೋನಿನಲ್ಲೇ ಮಲ್ಲಯ್ಯ, “ಗಾಲಿ ತೀಸ್ತೇ ಟೈರ್ಲು ಖರಾಬೈತಯ್ ಗದಮ್ಮಾ” ಎಂದು ಕೇಳಿದ್ದ. ಗಾಲಿ ತೆಗೆದರೆ ಟೈರು ಹೇಗೆ ಖರಾಬಾಗುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನಲು ಪಕ್ಕದ ಮೇಜಿನವರೆದುರು ನಾಚಿಕೆಯಾಗಿ, ಹೇಳಿದಷ್ಟು ಮಾಡು ಎಂದು ಗದರಿಸಿ ಫೋನಿಟ್ಟೆ. ನೀನು ಚೀಲ ಎತ್ತಿದ ಕ್ಷಣವೇ ಅವನ ಆ ಮಾತು ನೆನಪಾಗಿ ನನಗೆ ಎಲ್ಲ ತಿಳಿದಿತ್ತು. ತಿಳಿದ ಮೇಲೆಯೇ ಅಕ್ಕಾ, ಅವನನ್ನು ನಾನು ಕುಡುಕ ಎಂದದ್ದು.